ಮುಟ್ಟಲೆಂದೇ ಮಾಡಿದ ಗಿಟಾರ್

ಹೋದ ವರ್ಷ ಒಂದು ನೇಮಕಾತಿ ಪರೀಕ್ಷೆ ಬರೆಯಲು ಬೀದರಿನಿಂದ ಬೆಂಗಳೂರಿಗೆ ಹೋಗಿದ್ದೆ. ಬೆಳಗಿನ ಪೇಪರ್ ಮುಗಿಯಿತು. ಯಾವ ಪ್ರಶ್ನೆಗೆ ಯಾವ ಉತ್ತರ ಸರಿ ಎಂದು ಗೇಟಿನ ಹೊರಗೆ ನಿಂತು ವಾದ ಮಾಡಿದ್ದೂ ಮುಗಿಯಿತು. ರೈಲಿಗೆ ಇನ್ನೂ ಐದು ತಾಸು ಬಾಕಿ. ಜೊತೆಗಿದ್ದ ಗೆಳೆಯ ಜೆ.ಪಿ. ನಗರದಲ್ಲಿ ಸಂಗೀತದ್ದೇ ಒಂದು ಮ್ಯೂಸಿಯಂ ಇದೆ, ನೋಡಿಬಿಡೋಣ ಎಂದು ಎಳೆದುಕೊಂಡು ಹೋದ. ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಎಂದು ಅದರ ಹೆಸರು. 2019ರಲ್ಲಿ ತೆರೆದದ್ದು.

ಅದರ ಅಂಗಳದಲ್ಲಿ ಸೌಂಡ್ ಗಾರ್ಡನ್ ಎಂಬ ಜಾಗವಿದೆ. ಅಲ್ಲಿರುವುದನ್ನು ಬಡಿಯಬಹುದು, ತಟ್ಟಬಹುದು, ಕಿವಿಯಿಟ್ಟು ಕೇಳಬಹುದು. ದೊಡ್ಡವರು ಮೊದಲು ಸುತ್ತಮುತ್ತ ನೋಡಿ, ಯಾರೂ ಬೈಯುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು ಆಮೇಲೆ ಕೈ ಹಾಕುತ್ತಿದ್ದರು. ಮಕ್ಕಳಿಗೆ ಆ ಅಳುಕು ಇರಲಿಲ್ಲ. ಒಳಗಿನ ವಾದ್ಯಗಳ ಗ್ಯಾಲರಿಗೆ ಬಂದರೆ ಎಲ್ಲರ ಕೈಯೂ ಬೆನ್ನ ಹಿಂದೆ. ಅದು ತಪ್ಪೇನಲ್ಲ. ನೂರು ವರ್ಷದ ವೀಣೆಯನ್ನು ದಿನಕ್ಕೆ ಇನ್ನೂರು ಜನ ಮೀಟಿದರೆ ಅದು ಆರು ತಿಂಗಳೂ ಬಾಳುವುದಿಲ್ಲ. ಹಳೆಯ ವಸ್ತುವಿನ ಮುಂದೆ ‘ಮುಟ್ಟಬೇಡಿ’ ಫಲಕ ಇರಲೇಬೇಕು.

ನನ್ನ ಪ್ರಶ್ನೆ ಬೇರೆ. ಮ್ಯೂಸಿಯಂಗಳಲ್ಲಿ ಜನರ ಕೈಗೆ ಕೊಡುವ ವಾದ್ಯಗಳು ಸಾಮಾನ್ಯವಾಗಿ ಬಡಿಯುವಂಥವೇ ಯಾಕೆ? ಗಂಟೆ, ಜಾಗಟೆ, ಕಲ್ಲು, ಡೋಲು. ತಂತಿವಾದ್ಯ ಮಾತ್ರ ಗಾಜಿನೊಳಗೆ. ರೈಲಿನಲ್ಲಿ ಗೆಳೆಯನೊಂದಿಗೆ ಇದೇ ಚರ್ಚೆ. ಅವನು ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಓದಿದವನು, ನಾನು ಬಿ.ಎಸ್ಸಿ. ತಂತಿ ಹರಿಯುತ್ತದೆ, ಶ್ರುತಿ ಇಳಿಯುತ್ತದೆ, ಬುರುಡೆ ಒಡೆಯುತ್ತದೆ, ಕಲಿಯದವರು ಮೀಟಿದರೆ ಅಪಸ್ವರವೇ ಬರುತ್ತದೆ ಎಂದು ಅವನು ಕಾರಣಗಳನ್ನು ಎಣಿಸಿದ. ಈ ನಾಲ್ಕೂ ತೊಂದರೆ ಬಹುಮಟ್ಟಿಗೆ ಇಲ್ಲದ ತಂತಿವಾದ್ಯ ಒಂದಿದೆ ಎಂದು ಗೊತ್ತಾಗಿದ್ದು ಊರಿಗೆ ಬಂದ ಮೇಲೆ. ಅದು ಎಲೆಕ್ಟ್ರಿಕ್ ಲ್ಯಾಪ್ ಸ್ಟೀಲ್ ಗಿಟಾರ್, ಅಂದರೆ ತೊಡೆಯ ಮೇಲೆ ಅಡ್ಡ ಮಲಗಿಸಿ, ತಂತಿಯ ಮೇಲೆ ಉಕ್ಕಿನ ಗುಂಡು ಸರಳು ಜಾರಿಸುತ್ತ ನುಡಿಸುವ ಗಿಟಾರ್.

ನಮ್ಮ ಹಿರಿಯರಿಗೆ ಇದು ‘ಹವಾಯಿಯನ್ ಗಿಟಾರ್’ ಎಂದು ಪರಿಚಿತ. ಹಳೆಯ ಹಿಂದಿ ಚಿತ್ರಗೀತೆಗಳ ಧಾಟಿಯನ್ನು ಅದರಲ್ಲಿ ನುಡಿಸಿದ ಕ್ಯಾಸೆಟ್ಟುಗಳು ಒಂದು ಕಾಲಕ್ಕೆ ಮನೆಮನೆಯಲ್ಲಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹವಾಯಿಯ ಜೋಸೆಫ್ ಕೆಕುಕು ಎಂಬ ಹುಡುಗ ಈ ನುಡಿಸಾಣಿಕೆಯನ್ನು ರೂಢಿಸಿದ ಎನ್ನುತ್ತಾರೆ. ಆದರೆ ತಂತಿಯ ಮೇಲೆ ಏನಾದರೊಂದು ಜಾರಿಸಿ ಸ್ವರ ಎಳೆಯುವುದು ನಮಗೆ ಹೊಸದಲ್ಲ. ವಿಚಿತ್ರವೀಣೆ ಇದೆ, ಗೋಟುವಾದ್ಯ ಇದೆ. ಗೋಟುವಾದ್ಯ ನಾರಾಯಣ ಅಯ್ಯಂಗಾರ್ ಅವರು ಮೈಸೂರು ಅರಮನೆಯ ವಿದ್ವಾಂಸರಾಗಿದ್ದರು. ಅದಕ್ಕೇ ಇರಬೇಕು, ಹವಾಯಿಯ ಗಿಟಾರ್ ಇಲ್ಲಿ ಬೇಗ ಬೇರು ಬಿಟ್ಟಿತು. ಬ್ರಿಜ್‌ಭೂಷಣ್ ಕಾಬ್ರಾ ಅದರಲ್ಲಿ ರಾಗ ನುಡಿಸಿದರು. ವಿಶ್ವಮೋಹನ್ ಭಟ್ ಅದಕ್ಕೆ ಇನ್ನಷ್ಟು ತಂತಿ ಸೇರಿಸಿ ಮೋಹನವೀಣೆ ಎಂದು ಕರೆದರು, 1994ರಲ್ಲಿ ಗ್ರ್ಯಾಮಿ ಪಡೆದರು.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇಷ್ಟವಾಗುವಂಥ ಒಂದು ಸಂಗತಿ ಹೇಳುತ್ತೇನೆ. ಜಗತ್ತಿನಲ್ಲಿ ಮೊದಲು ಯಶಸ್ವಿಯಾಗಿ ಮಾರಾಟಕ್ಕೆ ಬಂದ ಎಲೆಕ್ಟ್ರಿಕ್ ಗಿಟಾರ್, ಕೊರಳಿಗೆ ಹಾಕಿಕೊಂಡು ಕುಣಿಯುವ ರಾಕ್ ಗಿಟಾರ್ ಅಲ್ಲ. ಅದು ಲ್ಯಾಪ್ ಸ್ಟೀಲ್. ಜಾರ್ಜ್ ಬೋಶಾಂಪ್ ರೂಪಿಸಿದ, 1932ರ ಹೊತ್ತಿಗೆ ಮಾರುಕಟ್ಟೆಗೆ ಬಂದ ರಿಕನ್‌ಬ್ಯಾಕರ್ ಗಿಟಾರ್ ದುಂಡು ಮೈ, ಉದ್ದ ಹಿಡಿಕೆಯಿಂದ ಬಾಣಲೆಯಂತೆ ಕಾಣುತ್ತಿತ್ತು, ಜನ ಅದನ್ನು ‘ಫ್ರೈಯಿಂಗ್ ಪ್ಯಾನ್’ ಎಂದೇ ಕರೆದರು. ಅಲ್ಯೂಮಿನಿಯಂ ಎರಕದ ಮೈ. ವೇದಿಕೆಯ ದೀಪದ ಕಾವಿಗೆ ಲೋಹ ಹಿಗ್ಗಿ ಶ್ರುತಿ ಕೆಡುತ್ತಿತ್ತು. ಪೇಟೆಂಟ್ ಸಿಕ್ಕಿದ್ದು 1937ರಲ್ಲಿ. ಅಷ್ಟರಲ್ಲಿ ಬೇರೆ ಕಂಪನಿಗಳೂ ಎಲೆಕ್ಟ್ರಿಕ್ ಗಿಟಾರ್ ಮಾಡತೊಡಗಿದ್ದವು.

ಮ್ಯೂಸಿಯಂಗೆ ಇದು ಯಾಕೆ ಒಗ್ಗುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳಬೇಕು. ಸಾದಾ ಗಿಟಾರಿಗೆ ಒಳಗೆ ಟೊಳ್ಳಾದ ತೆಳು ಮರದ ಪೆಟ್ಟಿಗೆ ಬೇಕು. ಬೀದರಿನ ಮೇ ತಿಂಗಳ ಬಿಸಿಲಿಗೆ ಅದು ಸೀಳುತ್ತದೆ. ಎಲೆಕ್ಟ್ರಿಕ್ ಲ್ಯಾಪ್ ಸ್ಟೀಲಿಗೆ ಪೆಟ್ಟಿಗೆಯೇ ಬೇಡ, ಗಟ್ಟಿ ಹಲಗೆ ಸಾಕು. ತಂತಿಯನ್ನು ಬೆರಳಿನಿಂದ ಒತ್ತಬೇಕಿಲ್ಲ, ಹಾಗಾಗಿ ಬೆರಳು ನೋಯುವುದಿಲ್ಲ. ಆರು ವರ್ಷದ ಮಗುವೂ, ಬೆರಳಲ್ಲಿ ಬಲವಿಲ್ಲದ ಮುದುಕರೂ ನುಡಿಸಬಹುದು. ಮೇಜಿನ ಮೇಲಿಟ್ಟರೆ ಗಾಲಿಕುರ್ಚಿಯಲ್ಲಿ ಕೂತವರಿಗೂ ಎಟಕುತ್ತದೆ. ಆರು ತಂತಿಯನ್ನು ಸ, ಪ, ಸ, ಗ, ಪ, ಸ ಎಂದು ಶ್ರುತಿ ಮಾಡಿಟ್ಟರೆ ಏನೂ ಬಾರದವನು ಸುಮ್ಮನೆ ಕೈಯಾಡಿಸಿದರೂ ಕಿವಿಗೆ ಹಿತ. ಶಬ್ದ ಹೆಡ್‌ಫೋನಿನಲ್ಲಿ ಮಾತ್ರ ಕೇಳುವಂತೆ ಮಾಡಬಹುದು, ಪಕ್ಕದ ಗ್ಯಾಲರಿಯವರಿಗೆ ತೊಂದರೆಯಿಲ್ಲ. ಅಮೆರಿಕದ ಫೀನಿಕ್ಸ್‌ನಲ್ಲಿ 2010ರಲ್ಲಿ ತೆರೆದ ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ ಮ್ಯೂಸಿಯಂನಲ್ಲಿ ಬಂದವರು ವಾದ್ಯ ನುಡಿಸಲಿಕ್ಕೆಂದೇ ಒಂದು ಗ್ಯಾಲರಿ ಇದೆ.

ಒಂದು ಮಾಡಿಯೇ ನೋಡೋಣ ಎಂದು ನಾವಿಬ್ಬರೂ ಹೊರಟೆವು. ಇಬ್ಬರಿಗೂ ಗಿಟಾರ್ ನುಡಿಸಲು ಬರುವುದಿಲ್ಲ ಎಂಬುದನ್ನು ಇಲ್ಲೇ ಒಪ್ಪಿಕೊಳ್ಳುತ್ತೇನೆ.

ಮರ ಸುಲಭವಾಗಿ ಸಿಕ್ಕಿತು. ನಮ್ಮ ಮೈಲೂರದಲ್ಲಿ ಹಳೆ ಮನೆ ಕೆಡವಿ ಹೊಸದು ಕಟ್ಟುವುದು ನಡೆದೇ ಇರುತ್ತದೆ. ಒಂದು ಬಾಗಿಲ ಚೌಕಟ್ಟಿನ ಸಾಗವಾನಿ ತುಂಡು ತಂದೆವು. ಹಳೆಯ ಮರ ಒಣಗಿ ಗಟ್ಟಿಯಾಗಿರುತ್ತದೆ, ಇನ್ನು ಡೊಂಕಾಗುವುದಿಲ್ಲ. ಆರು ತಂತಿಯ ಎಳೆತ ಸೇರಿದರೆ ಒಂದು ಸಿಮೆಂಟ್ ಚೀಲದ ತೂಕಕ್ಕಿಂತ ಕಡಿಮೆಯಿಲ್ಲ, ಹಸಿ ಮರವಾದರೆ ಬಿಲ್ಲಾಗಿಬಿಡುತ್ತದೆ. ಬಡಿಗ ಕಾಕಾ ನಮ್ಮ ಅಳತೆ ನೋಡಿ ನಕ್ಕರು: “ಇದು ಗಿಟಾರ್ ಏನ್ರಪಾ, ರೊಟ್ಟಿ ಮಣಿ ಮಾಡ್ಲತ್ತೀರಿ.” ತಂತಿಯ ಉದ್ದ 57 ಸೆಂ.ಮೀ. ಇಟ್ಟೆವು. ಸ್ವರದ ಗೆರೆಗಳ ಲೆಕ್ಕ ಚೆನ್ನಾಗಿದೆ: ಉಳಿದ ಉದ್ದವನ್ನು ಪ್ರತಿ ಸಲ 17.817ರಿಂದ ಭಾಗಿಸುತ್ತ ಹೋಗಬೇಕು. ಮೊದಲ ಗೆರೆ 3.2 ಸೆಂ.ಮೀ.ಗೆ, ಹನ್ನೆರಡನೆಯದು ಸರಿಯಾಗಿ ನಡುಮಧ್ಯ 28.5ಕ್ಕೆ. ಪಿಯುಸಿಯಲ್ಲಿ ಗುಣೋತ್ತರ ಶ್ರೇಢಿ ಕಲಿತಿದ್ದೆ, ಅದು ಹಲಗೆಯ ಮೇಲೆ ಇಳಿದದ್ದು ಈಗ.

ಕಷ್ಟವಾಗಿದ್ದು ಪಿಕಪ್. ಅಯಸ್ಕಾಂತದ ಸುತ್ತ ತಾಮ್ರದ ತಂತಿ ಸುತ್ತಿರುತ್ತಾರೆ. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಫ್ಯಾರಡೆ ನಿಯಮ, ಪುಸ್ತಕದಲ್ಲಿ ಐದು ಅಂಕದ ಪ್ರಶ್ನೆ. ಮಾಡಲು ಹೋದರೆ ತಂತಿಯ ದಪ್ಪ 0.06 ಮಿ.ಮೀ., ಅಂದರೆ ಕೂದಲಿನಷ್ಟು, ಮತ್ತು ಸುತ್ತು ಏಳು ಸಾವಿರ. ನಮ್ಮ ರಸ್ತೆಯಲ್ಲೇ ಮೋಟರ್ ವೈಂಡಿಂಗ್ ಅಂಗಡಿ ಇದೆ. ಹೊಲದ ಪಂಪ್‌ಸೆಟ್, ಸೀಲಿಂಗ್ ಫ್ಯಾನ್ ಸುಟ್ಟರೆ ಎಲ್ಲರೂ ಅಲ್ಲಿಗೇ. ಅಂಗಡಿಯ ಚಾಚಾಗೆ ವಿಷಯ ಹೇಳಿದೆವು. ಫ್ಯಾನಿಗೆ ಬಳಸುವ ತಂತಿ ಇದಕ್ಕಿಂತ ಮೂರು ಪಟ್ಟು ದಪ್ಪ, ಆದ್ದರಿಂದ ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಗೆ ಹೋಗಿ ತಂತಿ, ಅಯಸ್ಕಾಂತ ತಂದೆವು. ಮೊದಲ ಸುರುಳಿ ಎರಡು ಸಾವಿರ ಸುತ್ತಿಗೇ ಹರಿಯಿತು. ಎರಡನೆಯದೂ ಹರಿಯಿತು. ಚಾಚಾ ಫ್ಯಾನ್ ಬಂದ್ ಮಾಡಿಸಿ, ನಮ್ಮನ್ನು ಹೊರಗೆ ಕಳಿಸಿ, ತಂತಿಯನ್ನು ಹತ್ತಿಬಟ್ಟೆಯ ನಡುವೆ ಹಿಡಿದು ಮೂರನೆಯದನ್ನು ತಾವೇ ಸುತ್ತಿದರು. “ಎಳಿಬಾರದು, ಬರ್ತೀನಿ ಅಂದಾಗ ಬಿಡಬೇಕು” ಎಂದಿಷ್ಟೇ ಹೇಳಿದರು. ಮೂವತ್ತು ವರ್ಷದ ಕೈ ಅದು. ನಮ್ಮ ಪದವಿ ಪತ್ರಗಳು ಅಂಗಡಿಯ ಹೊರಗೆ ಬೈಕಿನ ಮೇಲೆ ಕೂತಿದ್ದವು.

ಬಿದ್ರಿಯನ್ನು ಸೇರಿಸುವ ಆಸೆಯೂ ಇತ್ತು. 2006ರಲ್ಲಿ ಜಿ.ಐ. ಪಡೆದ, 2023ರಲ್ಲಿ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ತಂದ ಕಲೆ ನಮ್ಮೂರಿನದು. ಜಾರಿಸುವ ಸರಳನ್ನೇ ಬಿದ್ರಿಯಲ್ಲಿ ಮಾಡಿಸೋಣ ಎಂದುಕೊಂಡಿದ್ದೆವು. ಆದರೆ ಸತುವೇ ಹೆಚ್ಚಿರುವ ಆ ಮಿಶ್ರಲೋಹ ಉಕ್ಕಿನ ತಂತಿಯ ಮುಂದೆ ಮೆದು, ಉಜ್ಜಿ ಉಜ್ಜಿ ಗೀರು ಬಿದ್ದುಬಿಡುತ್ತದೆ. ಸತು, ತಾಮ್ರ, ಬೆಳ್ಳಿ ಮೂರನ್ನೂ ಅಯಸ್ಕಾಂತ ಸೆಳೆಯುವುದಿಲ್ಲವಾದ್ದರಿಂದ ಪಿಕಪ್ಪಿನ ಪಕ್ಕದಲ್ಲಿದ್ದರೂ ಅಡ್ಡಿಯಿಲ್ಲ, ಸ್ವರದ ಗುರುತುಗಳಿಗೆ ಅದು ಸರಿಯಾದ ವಸ್ತು. ಕಪ್ಪು ಬಿಲ್ಲೆಯಲ್ಲಿ ಬೆಳ್ಳಿ ಚುಕ್ಕೆ. ನಮ್ಮ ದುಡ್ಡು ಅಷ್ಟೊತ್ತಿಗೆ ಮುಗಿದಿತ್ತು, ಸದ್ಯಕ್ಕೆ ಬಿಳಿ ಪೇಂಟ್ ಹಚ್ಚಿದೆವು. ಒಟ್ಟು ಖರ್ಚು ನನ್ನ ಎರಡು ತಿಂಗಳ ಯುವನಿಧಿಗಿಂತ, ಅಂದರೆ ಆರು ಸಾವಿರಕ್ಕಿಂತ ಸ್ವಲ್ಪ ಕಡಿಮೆ.

ಗಣೇಶೋತ್ಸವದಲ್ಲಿ ಓಣಿಯ ಮಂಟಪದ ಪಕ್ಕ ಮೇಜು ಹಾಕಿ ಇಟ್ಟೆವು. ‘ಮುಟ್ಟಿರಿ’ ಎಂದು ದೊಡ್ಡ ಅಕ್ಷರದಲ್ಲಿ ಬರೆದೆವು. ಐದು ದಿನ. ಕಲಿತದ್ದೆಲ್ಲ ಅಲ್ಲೇ. ಮೊದಲ ಸಂಜೆ ಸೀರಿಯಲ್ ದೀಪ ಹೊತ್ತಿಸಿದ ಕೂಡಲೇ ಗಿಟಾರಿನಿಂದ ‘ಗುಂಯ್’ ಎಂಬ ಸದ್ದು. ಒಂಟಿ ಸುರುಳಿಯ ಪಿಕಪ್ ಸುತ್ತಲಿನ ಕರೆಂಟಿನ 50 ಹರ್ಟ್ಸ್ ಗುಂಗನ್ನೂ ಹಿಡಿಯುತ್ತದೆ. ಒಳಗೆ ತಾಮ್ರದ ಹಾಳೆ ಅಂಟಿಸಿ, ತಂತಿಗಳಿಗೆ ಗ್ರೌಂಡ್ ಕೊಟ್ಟ ಮೇಲೆ ಅರ್ಧ ಇಳಿಯಿತು. ಪೂರ್ತಿ ಹೋಗಬೇಕಾದರೆ ತಿರುವುಮುರುವಾಗಿ ಜೋಡಿಸಿದ ಎರಡು ಸುರುಳಿ ಬೇಕು. ಆಂಪ್ಲಿಫೈಯರ್ ಬ್ಯಾಟರಿಯದ್ದೇ ಇಟ್ಟಿದ್ದೆವು. ಸಾರ್ವಜನಿಕರು ಲೋಹದ ತಂತಿ ಮುಟ್ಟುವ ಕಡೆ ಗೋಡೆಯ ಕರೆಂಟ್ ಸುಳಿಯಲೇಬಾರದು. ಎರಡನೇ ದಿನ ಉಕ್ಕಿನ ಸರಳು ಮಾಯ. ಮೂರನೇ ದಿನ ಹೊಸ ಸರಳಿಗೆ ರಂಧ್ರ ಕೊರೆದು ಸರಪಳಿ ಹಾಕಿದೆವು. ಅತಿ ಸಣ್ಣ ತಂತಿ ಎರಡು ಸಲ ಹರಿಯಿತು. ಬೆವರಿಗೆ ತುಕ್ಕು ಹಿಡಿಯಲು ಐದೇ ದಿನ ಸಾಕು ಎಂದು ಗೊತ್ತಾಯಿತು.

ಹುಡುಗರು ಸಿನಿಮಾ ಹಾಡು ಹುಡುಕಿದರು. ನಾಲ್ಕನೇ ರಾತ್ರಿ ನಮ್ಮ ಓಣಿಯ ಭಜನಾ ಮೇಳದ ಅಜ್ಜ ಬಂದರು. ತತ್ವಪದಕ್ಕೆ ಏಕತಾರಿ ಹಿಡಿಯುವವರು. ಐದು ತಂತಿಯ ಕಡೆ ನೋಡಲೂ ಇಲ್ಲ. ಒಂದೇ ತಂತಿಯ ಮೇಲೆ ಸರಳಿಟ್ಟು, ಗೆರೆಗಳನ್ನು ಲೆಕ್ಕಿಸದೆ, ತಾವು ಹಾಡುವ ಪದದ ಧಾಟಿಯನ್ನು ಹುಡುಕುತ್ತ ಹೋದರು. ಹತ್ತು ನಿಮಿಷದಲ್ಲಿ ಸಿಕ್ಕಿತು. ನಾವು ಅಷ್ಟು ಲೆಕ್ಕ ಹಾಕಿ ಬರೆದ ಗೆರೆಗಳ ನಡುವೆಯೇ ಅವರ ಸ್ವರ ಇತ್ತು.

ಇನ್ನು ಇದರಲ್ಲಿ ಪ್ರಚಲಿತ ವಿದ್ಯಮಾನ ಏನಿದೆ ಎಂದು ಕೇಳಬಹುದು. ಇದೆ. 2022ರ ಆಗಸ್ಟಿನಲ್ಲಿ ಪ್ರಾಗ್‌ನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ಮಂಡಳಿ ಮ್ಯೂಸಿಯಂ ಎಂಬುದರ ವ್ಯಾಖ್ಯೆಯನ್ನೇ ಬದಲಿಸಿತು. ಎಲ್ಲರಿಗೂ ಎಟಕುವಂಥದ್ದು, ಎಲ್ಲರನ್ನೂ ಒಳಗೊಳ್ಳುವಂಥದ್ದು ಎಂಬ ಮಾತು ಅದರಲ್ಲಿ ಬಂತು. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೂ ಸಾಂಸ್ಕೃತಿಕ ತಾಣಗಳು ಎಲ್ಲರಿಗೂ ತೆರೆದಿರಬೇಕು ಎನ್ನುತ್ತದೆ. ಕಣ್ಣು ಕಾಣದ ವಿದ್ಯಾರ್ಥಿಗೆ ಗಾಜಿನಾಚೆಯ ವೀಣೆಯಿಂದ ಏನು ಪ್ರಯೋಜನ? ಹಾಗಾದರೆ ಮುಂದಿನ ವರ್ಷಗಳಲ್ಲಿ ಮ್ಯೂಸಿಯಂಗಳಿಗೆ ಮುಟ್ಟಲೆಂದೇ ಮಾಡಿದ ವಸ್ತುಗಳು ಬೇಕಾಗುತ್ತವೆ. ಅವನ್ನು ಯಾರು ಮಾಡುತ್ತಾರೆ ಎಂಬುದು ಉದ್ಯೋಗದ ಪ್ರಶ್ನೆ.

ಸರ್ಕಾರದ ಯೋಜನೆಗಳಲ್ಲಿ ಹುಡುಕಿದೆ. ಪಿಎಂ ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರ್ 17ರಂದು ಆರಂಭವಾಯಿತು. ತರಬೇತಿಯಲ್ಲಿ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000, ಶೇ 5ರ ಬಡ್ಡಿಯಲ್ಲಿ ಎರಡು ಕಂತಿನಲ್ಲಿ 3 ಲಕ್ಷದವರೆಗೆ ಸಾಲ. ಒಳ್ಳೆಯದೇ. ಅದರಲ್ಲಿ 18 ಕಸುಬುಗಳ ಪಟ್ಟಿ ಇದೆ. ಬಡಿಗ, ಕಮ್ಮಾರ, ಕುಂಬಾರ, ಚಮ್ಮಾರ, ದರ್ಜಿ, ಗೊಂಬೆ ಮಾಡುವವರು, ಹೂಮಾಲೆ ಕಟ್ಟುವವರು, ಮೀನಿನ ಬಲೆ ಹೆಣೆಯುವವರು ಎಲ್ಲರೂ ಇದ್ದಾರೆ. ವಾದ್ಯ ಮಾಡುವವರು ಇಲ್ಲ. ತಬಲಾಗೆ ಚರ್ಮ ಕಟ್ಟುವವರು, ಹಾರ್ಮೋನಿಯಂ ರಿಪೇರಿ ಮಾಡುವವರು, ತಂಬೂರಿಗೆ ಜೀವಾಳಿ ಕೂಡಿಸುವವರು ಬೇರೆ ಯಾವುದಾದರೂ ಹೆಸರಿನಲ್ಲಿ ಅರ್ಜಿ ಹಾಕಬೇಕು. ಮೋಟರ್ ವೈಂಡಿಂಗ್ ಚಾಚಾಗಂತೂ ಪರಂಪರೆಯ ಕಸುಬು ಎಂಬ ಪಟ್ಟಿಯಲ್ಲಿ ಜಾಗವೇ ಇಲ್ಲ. ನಾಳೆಯ ವಾದ್ಯಕ್ಕೆ ಬೇಕಾಗಿರುವುದು ಬಡಿಗ ಮತ್ತು ವೈಂಡರ್ ಇಬ್ಬರೂ ಕೂಡಿ ಮಾಡುವ ಕೆಲಸ. ಪಟ್ಟಿಯೋ ಒಬ್ಬೊಬ್ಬರನ್ನೇ ಎಣಿಸುತ್ತದೆ.

ನಮ್ಮ ಗಡಿಯಾಚೆ ಮಿರಜ್ ಇದೆ. ನಮ್ಮ ಧಾರವಾಡ, ಕುಂದಗೋಳದ ಕಡೆಯ ಎಷ್ಟೋ ಗಾಯಕರ ಹಿಂದೆ ಕೇಳುವ ತಂಬೂರಿ ಅಲ್ಲಿಯದು. ಅಲ್ಲಿನ ವಾದ್ಯ ತಯಾರಕರ ಮೂಲಪುರುಷರು ಶಿಕಲಗಾರರು, ಅಂದರೆ ಕತ್ತಿ ಗುರಾಣಿಗೆ ಸಾಣೆ ಹಿಡಿಯುತ್ತಿದ್ದವರು. ಹತ್ತೊಂಬತ್ತನೆಯ ಶತಮಾನದಲ್ಲಿ ಆಯುಧಗಳಿಗೆ ಕೆಲಸ ಕಡಿಮೆಯಾದಾಗ ಅದೇ ಕೈ ಕುಂಬಳಬುರುಡೆ ಮತ್ತು ಮರದ ಕಡೆ ತಿರುಗಿತು. ಉಸ್ತಾದ್ ಅಬ್ದುಲ್ ಕರೀಂ ಖಾನರಂಥ ಗಾಯಕರು ಅದೇ ಊರಿನಲ್ಲಿ ನೆಲೆಸಿದ್ದರಿಂದ ಮಾಡುವವನಿಗೂ ಹಾಡುವವನಿಗೂ ನಡುವೆ ಒಂದು ಓಣಿಯಷ್ಟೇ ದೂರ. 2024ರಲ್ಲಿ ಮಿರಜ್‌ನ ಸಿತಾರ್ ಮತ್ತು ತಂಬೂರಿಗೆ ಜಿ.ಐ. ಮಾನ್ಯತೆ ಸಿಕ್ಕಿತು. ಕತ್ತಿಯಿಂದ ತಂಬೂರಿಗೆ ಹೋದವರನ್ನು ನೋಡಿದರೆ ಪಂಪ್‌ಸೆಟ್ಟಿನಿಂದ ಪಿಕಪ್ಪಿಗೆ ಬರುವುದು ಅಷ್ಟೇನೂ ದೊಡ್ಡ ಜಿಗಿತವಲ್ಲ.

ಗೆಳೆಯ ಇದನ್ನೆಲ್ಲ ಒಪ್ಪುವುದಿಲ್ಲ. ಇಡೀ ರಾಜ್ಯದಲ್ಲಿ ಎಷ್ಟು ಮ್ಯೂಸಿಯಂ ಇಂಥದ್ದು ಕೊಳ್ಳುತ್ತವೆ, ಹತ್ತು? ಹತ್ತು ಗಿಟಾರ್ ಮಾರಿ ಮನೆ ನಡೆಸುವುದು ಹೇಗೆ ಎಂದು ಅವನ ವಾದ. ಸರಿಯಾದ ವಾದ. ಟೆಂಡರ್ ಕರೆದರೂ ಮೂರು ವರ್ಷದ ವಹಿವಾಟು, ಹಿಂದಿನ ಅನುಭವದ ಪತ್ರ ಎಂಬ ಷರತ್ತುಗಳು ಬಂದರೆ ನಮ್ಮಂಥವರು ಬಾಗಿಲಲ್ಲೇ ಉಳಿಯುತ್ತೇವೆ. ಕೆಲಸ ದೊಡ್ಡ ಊರಿನ ವಿನ್ಯಾಸ ಕಂಪನಿಗೆ ಹೋಗುತ್ತದೆ. ಅದು ಹಾಳಾದಾಗ ತಂತಿ ಬದಲಿಸಲು ಅಲ್ಲಿಂದ ಯಾರೂ ಬರುವುದಿಲ್ಲ, ‘ದುರಸ್ತಿಯಲ್ಲಿದೆ’ ಎಂಬ ಚೀಟಿ ಅಂಟುತ್ತದೆ. ನಾನು ಕೇಳುವುದು ಗಿಟಾರ್ ಮಾರುವ ಅಂಗಡಿಯನ್ನಲ್ಲ. ಮುಟ್ಟುವ ವಸ್ತುವನ್ನು ಕೊಳ್ಳುವಾಗ ಅದರ ನಿರ್ವಹಣೆಯನ್ನೂ ಸೇರಿಸಿ ಹತ್ತಿರದ ಊರಿನ ಕುಶಲಕರ್ಮಿಗಳಿಗೆ ಕೊಡಲಿ ಎಂಬುದಷ್ಟೇ. ವರ್ಷಕ್ಕೆ ಹನ್ನೆರಡು ಸಲ ತಂತಿ ಬದಲಿಸುವ ಕೆಲಸ ಒಬ್ಬನ ಸಂಬಳವಾಗದು, ಆದರೆ ವೈಂಡಿಂಗ್ ಅಂಗಡಿಯ ಆದಾಯಕ್ಕೆ ಒಂದು ಊರುಗೋಲು.

ಇದಕ್ಕೆ ಮಾದರಿ ದೂರದಲ್ಲಿಲ್ಲ. ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರಕ್ಕೆ ನಮ್ಮ ಕಡೆಯ ಶಾಲೆಯ ಮಕ್ಕಳು ಪ್ರವಾಸ ಹೋಗುತ್ತಾರೆ, ನಾನೂ ಹೋಗಿದ್ದೆ. ಅಲ್ಲಿ ಗುಂಡಿ ಒತ್ತುವುದು, ಹಿಡಿಕೆ ತಿರುಗಿಸುವುದು ಎಲ್ಲ ನೋಡುಗರದೇ ಕೆಲಸ. ಅದು ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂನ ಅಡಿ ಬರುತ್ತದೆ, ಎರಡೂ ರಾಷ್ಟ್ರೀಯ ವಿಜ್ಞಾನ ವಸ್ತುಸಂಗ್ರಹಾಲಯಗಳ ಮಂಡಳಿಯವು. ಈ ಮಂಡಳಿ ತನ್ನ ಪ್ರದರ್ಶಿಕೆಗಳನ್ನು ಬಹಳಷ್ಟು ತನ್ನದೇ ವರ್ಕ್‌ಶಾಪ್‌ಗಳಲ್ಲಿ ಮಾಡಿಸುತ್ತದೆ. ಅದಕ್ಕೆಂದು ಎಸ್ಸೆಸ್ಸೆಲ್ಸಿ ಜೊತೆ ಐಟಿಐ ಮಾಡಿದ ಬಡಿಗ, ಫಿಟ್ಟರ್, ಎಲೆಕ್ಟ್ರಿಷಿಯನ್‌ಗಳನ್ನು ಟೆಕ್ನಿಷಿಯನ್ ಹುದ್ದೆಗೆ ಆಗಾಗ ಕರೆಯುತ್ತಾರೆ. ಎಫ್‌ಡಿಎ, ಪಿಡಿಒ ಅಧಿಸೂಚನೆಗೆ ಕಾಯುತ್ತ ಕೂತ ನಮ್ಮ ರೂಮಿನಲ್ಲಿ ಈ ಹುದ್ದೆಯ ಹೆಸರು ಕೇಳಿದವರು ಒಬ್ಬರೂ ಇರಲಿಲ್ಲ. ವಿಜ್ಞಾನದ ಮ್ಯೂಸಿಯಂಗೆ ವರ್ಕ್‌ಶಾಪ್ ಇರಬಹುದಾದರೆ ಇತಿಹಾಸದ, ಸಂಗೀತದ ಮ್ಯೂಸಿಯಂಗಳಿಗೆ ಯಾಕೆ ಬೇಡ? ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿದ್ದಾರೆ, ಹೊಸ ಯಂತ್ರಗಳು ಬಂದಿವೆ. ಗಿಟಾರಿನ ಹಲಗೆ ಕೊರೆಯುವುದು ಆ ಯಂತ್ರಕ್ಕೆ ಅರ್ಧ ತಾಸಿನ ಕೆಲಸ. ಬೀದರ್ ಕೋಟೆಯ ಹಳೆಯ ಹಮಾಮಿನಲ್ಲಿರುವ ಮ್ಯೂಸಿಯಂನ ಹೊರಗೆ, ನೆರಳಲ್ಲಿ, ಇಂಥದ್ದೊಂದು ಮೇಜು ಇರುವುದನ್ನು ನಾನು ಸುಲಭವಾಗಿ ಊಹಿಸಿಕೊಳ್ಳಬಲ್ಲೆ. ಚಾರ್ಮಿನಾರ್ ನೋಡಿ ಇತ್ತ ಬರುವ ಪ್ರವಾಸಿ ಬಿದ್ರಿ ಹೂದಾನಿಯನ್ನು ಗಾಜಿನಾಚೆ ನೋಡಿ, ಹೊರಗೆ ಬಂದು ಬಿದ್ರಿ ಚುಕ್ಕೆಯ ಗಿಟಾರನ್ನು ಮುಟ್ಟಲಿ.

ಆ ಪರೀಕ್ಷೆಯ ಫಲಿತಾಂಶ ಬಂತು, ನನ್ನ ನಂಬರ್ ಇರಲಿಲ್ಲ. ಮತ್ತೊಂದಕ್ಕೆ ಓದುತ್ತಿದ್ದೇನೆ. ಗಿಟಾರ್ ಸದ್ಯ ವೈಂಡಿಂಗ್ ಅಂಗಡಿಯಲ್ಲಿ ಮೊಳೆಗೆ ನೇತುಬಿದ್ದಿದೆ. ಮೋಟರ್ ರಿಪೇರಿಗೆ ಬಂದ ರೈತರು ಕಾಯುವ ಹೊತ್ತಿನಲ್ಲಿ ಅದನ್ನು ಇಳಿಸಿಕೊಂಡು ತೊಡೆಯ ಮೇಲಿಟ್ಟು ಎಳೆಯುತ್ತಾರಂತೆ. ಮೊನ್ನೆ ಆ ಕಡೆ ಹೋದಾಗ ಚಾಚಾ ಕರೆದರು. ಗುಂಗು ಬಾರದ ಹಾಗೆ ಎರಡು ಸುರುಳಿಯ ಪಿಕಪ್ ಸುತ್ತಿಟ್ಟಿದ್ದರು. ಒಂದನ್ನು ಬಲಕ್ಕೆ, ಇನ್ನೊಂದನ್ನು ಎಡಕ್ಕೆ. “ಮಾಗ್ನೆಟ್ ಉಲ್ಟಾ ಹಚ್ಚಬೇಕೇನು, ನಿನ್ನ ಬುಕ್ಕಿನ್ಯಾಗ ನೋಡಿ ಹೇಳು” ಎಂದರು.